ಕುರಿ ಪುಕ್ಕಟೆ ಮಾಡುವ ಕೆಲಸಕ್ಕೆ ಟ್ಯಾಂಕಿನಲ್ಲಿ ಎಷ್ಟು ಕರೆಂಟ್ ಬೇಕು?

ಮೇ ತಿಂಗಳ ಮಧ್ಯಾಹ್ನ. ಜಗಳೂರು ತಾಲ್ಲೂಕಿನ ನಮ್ಮೂರಿನಲ್ಲಿ, ಬೇವಿನ ಮರದ ಕೆಳಗೆ ಅಪ್ಪನ ಕುರಿಗಳು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ಮುಖ ತೂರಿಸಿ ನಿಂತಿದ್ದವು. ಬಾಯಿ ಅರ್ಧ ತೆರೆದು ತೇಕುತ್ತಿದ್ದವು. ಪಕ್ಕೆಗಳು ಕುಲುಮೆಯ ತಿದಿಯ ಹಾಗೆ ಏರಿ ಇಳಿಯುತ್ತಿದ್ದವು. ನನ್ನ ಅಕ್ಕನ ಮಗಳು ಒಂದು ಕುರಿಯ ಪಕ್ಕೆಯ ಮೇಲೆ ಅಂಗೈ ಇಟ್ಟುಕೊಂಡು ಸುಮಾರು ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ಹೇಳಿದಳು: “ಮಾಮಾ, ಇದು ಹೀಗೆ ತೇಕ್ತಾ ಇದೆಯಲ್ಲ, ಈ ಒಂದು ಕೆಲಸಕ್ಕೇ ನಮ್ಮ ಟ್ಯಾಂಕಿನಲ್ಲಿ ಎಷ್ಟೊಂದು ಕರೆಂಟ್ ಹೋಗ್ತದೆ.”

ಅವಳು ಇಂಗ್ಲೆಂಡಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಪ್ರಾಣಿಯನ್ನು ಕಡಿಯದೆ ಅದರ ಜೀವಕೋಶಗಳಿಂದಲೇ ಟ್ಯಾಂಕಿನಲ್ಲಿ ಮಾಂಸ ಬೆಳೆಸುವುದು, ಅದನ್ನೂ ಕಡಿಮೆ ಇಂಗಾಲ ಹೊರಬೀಳುವ ಹಾಗೆ ಬೆಳೆಸುವುದು ಹೇಗೆ ಅನ್ನುವುದು ಅವಳ ವಿಷಯ. ನಾನು ದಾವಣಗೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಲ್ಯಾಬಿನಲ್ಲಿ ಬೆಳೆಸಿದ ಮಾಂಸ ಪರಿಸರಕ್ಕೆ ಒಳ್ಳೆಯದು ಅಂತ ಎಲ್ಲೋ ಓದಿ, ಕ್ಲಾಸಿನಲ್ಲೂ ಹಾಗೇ ಹೇಳಿಬಿಟ್ಟಿದ್ದೆ. ರಜೆಗೆ ಬಂದ ಅವಳ ಜೊತೆ ಹತ್ತು ದಿನ ಮಾತಾಡಿದ ಮೇಲೆ, ನಾನು ಹೇಳಿದ್ದು ಅರ್ಧ ಮಾತ್ರ ಸರಿ ಅಂತ ಗೊತ್ತಾಯಿತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದನ್ನು ಹೇಗೆ ಮಾಡುತ್ತಾರೆ ಅಂತ ನೋಡೋಣ. ಬದುಕಿರುವ ಪ್ರಾಣಿಯ ಸ್ನಾಯುವಿನಿಂದ ಸೂಜಿಯಲ್ಲಿ ಎಳ್ಳುಕಾಳಿನಷ್ಟು ಚೂರು ತೆಗೆಯುತ್ತಾರೆ. ಅದರಲ್ಲಿ ಒಂದು ವಿಶೇಷ ಜಾತಿಯ ಕೋಶಗಳಿರುತ್ತವೆ. ನಮ್ಮ ಮಾಂಸಖಂಡಕ್ಕೆ ಪೆಟ್ಟಾದಾಗ ಎಚ್ಚೆತ್ತು ರಿಪೇರಿ ಮಾಡುವ ಕೋಶಗಳು ಇವೇ. ಇವನ್ನು ಬೇರೆ ಮಾಡಿ, ಬೆಚ್ಚಗಿನ ಒಂದು ದ್ರಾವಣದಲ್ಲಿ ಬಿಡುತ್ತಾರೆ. ಅದರಲ್ಲಿ ಸಕ್ಕರೆ, ಅಮೈನೋ ಆಮ್ಲಗಳು, ಉಪ್ಪುಗಳು, ವಿಟಮಿನ್ನುಗಳು ಇರುತ್ತವೆ. ಲ್ಯಾಬಿನವರು ಇದಕ್ಕೆ ಮೀಡಿಯಂ ಅನ್ನುತ್ತಾರೆ. ಕೋಶ ಇದನ್ನು ಉಂಡು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹೆಚ್ಚುಕಮ್ಮಿ ದಿನಕ್ಕೊಂದು ಸಲ ಹೀಗೆ ಇಮ್ಮಡಿ ಆಗುತ್ತಾ ಹೋಗುತ್ತವೆ. ಒಂದೇ ಕೋಶ 30 ಸಲ ಇಮ್ಮಡಿಯಾದರೆ 107 ಕೋಟಿ ಕೋಶಗಳಾಗುತ್ತವೆ. ತೂಕಕ್ಕೆ ಹಾಕಿದರೆ ಕೆಲವೇ ಗ್ರಾಂ. ಇನ್ನು ಹತ್ತು ಸಲ ಇಮ್ಮಡಿಯಾದರೆ ಕೆಲವು ಕಿಲೋ. ಚದುರಂಗದ ಮನೆಗಳಲ್ಲಿ ಅಕ್ಕಿಕಾಳು ಇಡುವ ಹಳೇ ಕಥೆಯ ಲೆಕ್ಕವೇ ಇದು.

ಬೇಕಾದಷ್ಟು ಕೋಶ ಸಿಕ್ಕ ಮೇಲೆ ಅವುಗಳ ಊಟ ಬದಲಿಸುತ್ತಾರೆ. ಆಗ ಅವು ಒಂದಕ್ಕೊಂದು ಸೇರಿ ನಾರಾಗಲು ಶುರು ಮಾಡುತ್ತವೆ. ಸ್ನಾಯುವಿನ ಕೋಶಕ್ಕೆ ಹಿಡಿದುಕೊಳ್ಳಲು ಆಸರೆ ಬೇಕು, ಬಳ್ಳಿಗೆ ಚಪ್ಪರ ಬೇಕಲ್ಲ, ಹಾಗೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2019ರಲ್ಲಿ ಈ ಆಸರೆಗೆ ಹುಲ್ಲಿನ ಎಸಳನ್ನೇ ಬಳಸಿ, ಅದರ ಮೇಲೆ ಪ್ರಾಣಿಕೋಶ ಬೆಳೆಸಿ ತೋರಿಸಿದ್ದರು. ಇದನ್ನು ಕೇಳಿ ಅಪ್ಪನಿಗೆ ಎಲ್ಲಕ್ಕಿಂತ ಜಾಸ್ತಿ ಆಶ್ಚರ್ಯ. ಹುಲ್ಲು ತಿಂದು ಮಾಂಸ ಆಗೋದನ್ನ ಕಂಡಿದ್ದೀನಿ, ಹುಲ್ಲಿನ ಮೇಲೇ ಮಾಂಸ ಬೆಳೆಯೋದನ್ನ ಕೇಳಿರಲಿಲ್ಲ ಅಂದ.

ಇದು ಈಗ ಬರೀ ಕನಸಿನ ಮಾತಲ್ಲ. 2013ರ ಆಗಸ್ಟ್‌ನಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ ಇಂಥ ಮಾಂಸದ ಮೊದಲ ಬರ್ಗರನ್ನು ಲಂಡನ್ನಿನಲ್ಲಿ ಎಲ್ಲರೆದುರು ಬೇಯಿಸಿ ತಿನ್ನಿಸಿದರು. ಆ ಒಂದು ಬರ್ಗರಿಗೆ ಸುಮಾರು 2.5 ಲಕ್ಷ ಯೂರೋ ಖರ್ಚಾಗಿತ್ತು. 2020ರ ಡಿಸೆಂಬರ್‌ನಲ್ಲಿ ಸಿಂಗಪುರ ಇದನ್ನು ಮಾರಲು ಒಪ್ಪಿದ ಮೊದಲ ದೇಶವಾಯಿತು. 2023ರಲ್ಲಿ ಅಮೆರಿಕ ಎರಡು ಕಂಪನಿಗಳ ಕೋಳಿ ಮಾಂಸಕ್ಕೆ ಅನುಮತಿ ಕೊಟ್ಟಿತು. ಅವುಗಳಲ್ಲಿ ಒಂದಾದ ಅಪ್‌ಸೈಡ್ ಫುಡ್ಸ್ ಅನ್ನು ಕಟ್ಟಿದವರಲ್ಲಿ ಒಬ್ಬರಾದ ಉಮಾ ವಾಲೇಟಿ ವಿಜಯವಾಡದವರು, ಹೃದಯದ ಡಾಕ್ಟರ್. ಅದೇ ವರ್ಷ ಇಟಲಿ ಇದನ್ನು ನಿಷೇಧಿಸಿತು. ನಮ್ಮಲ್ಲಿ ಇನ್ನೂ ಮಾರಾಟಕ್ಕೆ ಬಂದಿಲ್ಲ. ಆದರೆ ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ) ಮತ್ತು ರಾಷ್ಟ್ರೀಯ ಮಾಂಸ ಸಂಶೋಧನಾ ಕೇಂದ್ರ ಸೇರಿ ಈ ಕೆಲಸಕ್ಕೆ ಕೈಹಾಕಿವೆ. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2024ರಲ್ಲಿ ಮೀನಿನ ಮಾಂಸ ಬೆಳೆಸುವ ಯೋಜನೆ ಶುರು ಮಾಡಿತು.

ಬೆಳೆಸಬಹುದೇ ಅನ್ನುವ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿದೆ. ಯಾವ ಬೆಲೆಗೆ, ಎಷ್ಟು ಹೊಗೆ ಬಿಟ್ಟು ಬೆಳೆಸುತ್ತೇವೆ ಅನ್ನುವುದಕ್ಕೆ ಇನ್ನೂ ಸಿಕ್ಕಿಲ್ಲ. ನನ್ನ ಅಕ್ಕನ ಮಗಳಂಥ ಪಿಎಚ್‌ಡಿ ಮಕ್ಕಳು ಕೆಲಸ ಮಾಡುತ್ತಿರುವುದು ಅಲ್ಲೇ. ಬ್ರಿಟನ್ ಸರ್ಕಾರದ ಸಂಶೋಧನಾ ಮಂಡಳಿ 2023ರಲ್ಲಿ ಬಾತ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 1.2 ಕೋಟಿ ಪೌಂಡಿನ ಒಂದು ಕೇಂದ್ರವನ್ನೇ ಇದಕ್ಕಾಗಿ ಕಟ್ಟಿಸಿತು. ಅಲ್ಲಿ ಜೀವಶಾಸ್ತ್ರದವರ ಜೊತೆಗೆ ಕೆಮಿಕಲ್ ಎಂಜಿನಿಯರುಗಳೂ ಇದ್ದಾರೆ. ಎಂಜಿನಿಯರುಗಳು ಯಾಕೆ ಬೇಕು ಅನ್ನುವುದು ಆ ತೇಕುವ ಕುರಿಯನ್ನು ನೋಡಿದರೆ ಗೊತ್ತಾಗುತ್ತದೆ.

ಕುರಿಯ ಮೈ 39 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಅದರೊಳಗಿನ ಪ್ರತಿ ಕೋಶವೂ ಉಂಡದ್ದನ್ನು ಉರಿಸಿ ಶಾಖ ಹುಟ್ಟಿಸುತ್ತದೆ. ಆ ಶಾಖ ಹೊರಗೆ ಹೋಗಲೇಬೇಕು. ಅದಕ್ಕೇ ಕುರಿ ತೇಕುತ್ತದೆ. ನಾಲಿಗೆ, ಮೂಗಿನ ತೇವ ಆರುತ್ತಾ ಮೈ ತಣ್ಣಗಾಗುತ್ತದೆ. ಇದಕ್ಕೆ ಬೆಸ್ಕಾಂ ಬಿಲ್ ಬರುವುದಿಲ್ಲ.

ಟ್ಯಾಂಕಿನಲ್ಲಿ ಬೆಳೆಯುವ ಕೋಶವೂ ಶಾಖ ಹುಟ್ಟಿಸುತ್ತದೆ. ಲ್ಯಾಬಿನ ಚಿಕ್ಕ ಬಾಟಲಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಬದಲಿಗೆ ಅದನ್ನು 37 ಡಿಗ್ರಿಗೆ ಬೆಚ್ಚಗಿಡಲು ಪರದಾಡಬೇಕು. ಟ್ಯಾಂಕ್ ದೊಡ್ಡದಾದಂತೆ ಲೆಕ್ಕ ತಿರುಗುಮುರುಗಾಗುತ್ತದೆ. ತಟ್ಟೆಗೆ ಬಡಿಸಿದ ಅನ್ನ ಐದು ನಿಮಿಷಕ್ಕೆ ಆರುತ್ತದೆ, ಮದುವೆ ಮನೆಯ ಕೊಪ್ಪರಿಗೆಯ ಅನ್ನ ಸಂಜೆಗೂ ಬಿಸಿ ಇರುತ್ತದೆ ಅಲ್ವಾ? ಪಾತ್ರೆ ಹಿಗ್ಗಿದಷ್ಟೂ ಒಳಗಿನ ಸರಕು ಬೇಗ ಬೇಗ ಹೆಚ್ಚುತ್ತದೆ, ಶಾಖ ಬಿಟ್ಟುಕೊಡುವ ಮೈ ಅಷ್ಟು ಬೇಗ ಹೆಚ್ಚುವುದಿಲ್ಲ. ಔಷಧ ಕಾರ್ಖಾನೆಗಳಲ್ಲಿ ಪ್ರಾಣಿಕೋಶ ಬೆಳೆಸುವ ದೊಡ್ಡ ಟ್ಯಾಂಕುಗಳು 20 ಸಾವಿರ ಲೀಟರಿನವು. ಬೇಸಿಗೆಯಲ್ಲಿ ನಮ್ಮ ಬಡಾವಣೆಗೆ ನೀರು ತರುವ 5 ಸಾವಿರ ಲೀಟರಿನ ಟ್ಯಾಂಕರನ್ನು ನೆನೆಸಿಕೊಳ್ಳಿ, ಅಂಥವು ನಾಲ್ಕು. ಮಾಂಸಕ್ಕೆ ಇದಕ್ಕಿಂತ ದೊಡ್ಡವು ಬೇಕಾಗಬಹುದು. ಅವನ್ನು ಹಗಲು ರಾತ್ರಿ ತಣಿಸುತ್ತಾ ಇರಬೇಕು. ಕೆಲವೇ ಡಿಗ್ರಿ ಮೇಲೆ ಹೋದರೂ ಕೋಶಗಳು ಸಾಯುತ್ತವೆ.

ಇಲ್ಲಿ ಊರಿನ ಪ್ರಶ್ನೆ ಬರುತ್ತದೆ. ಇಂಗ್ಲೆಂಡಿನ ಚಳಿಗೆ ಟ್ಯಾಂಕಿನ ಸುತ್ತ ಸುಮ್ನೆ ತಣ್ಣೀರು ಹರಿಸಿದರೆ ಬಹುಪಾಲು ಕೆಲಸ ಆಗಿಬಿಡುತ್ತದೆ. ದಾವಣಗೆರೆಯಲ್ಲಿ ಏಪ್ರಿಲ್‌ನಲ್ಲಿ ಓವರ್‌ಹೆಡ್ ಟ್ಯಾಂಕಿನ ನಲ್ಲಿ ಬಿಟ್ಟರೆ ಸ್ನಾನಕ್ಕೆ ಕಾಯಿಸಿದಂಥ ನೀರು ಬರುತ್ತದೆ. ಅದರಿಂದ 37 ಡಿಗ್ರಿಯ ಟ್ಯಾಂಕನ್ನು ತಣಿಸುವುದು ಹೇಗೆ? ಎರಡೇ ದಾರಿ. ಒಂದು, ಫ್ರಿಜ್ಜಿನಂಥ ಚಿಲ್ಲರ್ ಹಾಕಿ ಕರೆಂಟ್ ಸುರಿಯುವುದು. ಇನ್ನೊಂದು, ಮಣ್ಣಿನ ಮಡಕೆಯ ಉಪಾಯ, ನೀರನ್ನು ಗಾಳಿಗೆ ಆರಲು ಬಿಟ್ಟು ತಣಿಸುವುದು. ನಮ್ಮ ಕಡೆಯ ಒಣ ಬಿಸಿಲಿಗೆ ಈ ಎರಡನೆಯದು ಚೆನ್ನಾಗಿಯೇ ನಡೆಯುತ್ತದೆ, ಆದರೆ ನೀರು ಆವಿಯಾಗಿ ಹೋಗುತ್ತದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆ ಆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಕರೆಂಟ್ ಉಳಿಸಿದರೆ ನೀರು ಹೋಯಿತು, ನೀರು ಉಳಿಸಿದರೆ ಕರೆಂಟ್ ಹೋಯಿತು. ಇಂಥ ಹಗ್ಗಜಗ್ಗಾಟವನ್ನು ಅಂಕಿಗಳಲ್ಲಿ ಬಿಡಿಸುವುದು ಪಿಎಚ್‌ಡಿಯ ಒಂದು ಇಡೀ ಅಧ್ಯಾಯ.

ಕುರಿ ಪುಕ್ಕಟೆ ಮಾಡುವ ಎರಡನೆಯ ಕೆಲಸ, ರೋಗ ತಡೆಯುವುದು. ಕೆಸರಿನಲ್ಲಿ ಮಲಗಿದರೂ ಅದರ ಚರ್ಮ, ಬಿಳಿ ರಕ್ತಕಣಗಳು ಒಳಗಿನ ಮಾಂಸ ಕೆಡದಂತೆ ನೋಡಿಕೊಳ್ಳುತ್ತವೆ. ಟ್ಯಾಂಕಿನ ಕೋಶಕ್ಕೆ ಚರ್ಮವೂ ಇಲ್ಲ, ಕಾವಲೂ ಇಲ್ಲ. ಕೋಶ ದಿನಕ್ಕೊಮ್ಮೆ ಇಮ್ಮಡಿ ಆಗುತ್ತದೆ, ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ. ಅಂದರೆ ದಿನಕ್ಕೆ 72 ಸಲ ಇಮ್ಮಡಿಯಾಗಬಲ್ಲದು. ದೋಸೆ ಹಿಟ್ಟು ರುಬ್ಬಿಟ್ಟು ಬೇಸಿಗೆಯ ರಾತ್ರಿ ಮಲಗಿ ಎದ್ದರೆ ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆಲ್ಲಾ ಹರಿದಿರುತ್ತದೆ. ಅಷ್ಟು ಜೋರು ಅವು. ಬೆಣ್ಣೆ ದೋಸೆಗೆ ಆ ಹುಳಿ ಬೇಕು. ಮಾಂಸದ ಟ್ಯಾಂಕಿಗೆ ಒಂದೇ ಒಂದು ಬ್ಯಾಕ್ಟೀರಿಯಾ ನುಗ್ಗಿದರೂ ವಾರಗಟ್ಟಲೆಯ ಬೆಳೆ ಚರಂಡಿಗೆ. ಅದಕ್ಕೇ ಪ್ರತಿ ಸಲ ಟ್ಯಾಂಕು, ಪೈಪು, ವಾಲ್ವುಗಳನ್ನು 121 ಡಿಗ್ರಿಯ ಹಬೆಯಲ್ಲಿ ಬೇಯಿಸುತ್ತಾರೆ. ಒಂದು ಮಹಾ ಪ್ರೆಶರ್ ಕುಕ್ಕರ್ ಅನ್ನಿ. ಒಂದು ಲೀಟರ್ ದ್ರಾವಣದಲ್ಲಿ ಕೈಗೆ ಸಿಗುವ ಮಾಂಸ ಕೆಲವು ಹತ್ತು ಗ್ರಾಂ ಮಾತ್ರ. ಹಾಗಾಗಿ ಹತ್ತು ಕಿಲೋ ಮಾಂಸಕ್ಕೆ ನೂರಾರು ಲೀಟರ್ ನೀರನ್ನು ಶುದ್ಧ ಮಾಡಬೇಕು. ಒಂದು ಬ್ಯಾಚ್ ಕೆಟ್ಟರೆ ಅದಕ್ಕೆ ಸುರಿದ ಕರೆಂಟೂ ವ್ಯರ್ಥ. ಹತ್ತರಲ್ಲಿ ಎಷ್ಟು ಬ್ಯಾಚ್ ಕೆಡುತ್ತವೆ ಅನ್ನುವ ಒಂದೇ ಅಂಕಿ ಇಡೀ ಇಂಗಾಲದ ಲೆಕ್ಕವನ್ನು ಅಲ್ಲಾಡಿಸಬಲ್ಲದು.

ಮೂರನೆಯದು ಹೃದಯದ ಕೆಲಸ. ಪ್ರತಿ ಕೋಶಕ್ಕೂ ಆಮ್ಲಜನಕ ಮುಟ್ಟಿಸಬೇಕು. ಟ್ಯಾಂಕಿನಲ್ಲಿ ಗಾಳಿಯ ಗುಳ್ಳೆ ಬಿಟ್ಟು ಕಲಕುತ್ತಾರೆ. ಆದರೆ ಪ್ರಾಣಿಕೋಶಕ್ಕೆ ಗಿಡದ ಕೋಶದ ಹಾಗೆ ಗಟ್ಟಿ ಗೋಡೆ ಇಲ್ಲ. ಕಡೆಗೋಲು ಹಾಕಿ ಮಜ್ಜಿಗೆ ಕಡೆದ ಹಾಗೆ ಕಡೆದರೆ ಒಡೆದೇ ಹೋಗುತ್ತದೆ. ಗುಳ್ಳೆ ಮೇಲೆ ಬಂದು ಪಟ್ ಅಂತ ಒಡೆಯುವ ಪೆಟ್ಟಿಗೂ ಕೆಲವು ಸಾಯುತ್ತವೆ.

ನಾಲ್ಕನೆಯದು ಕಿಡ್ನಿಯ ಕೆಲಸ. ಕೋಶ ಉಣ್ಣುತ್ತದೆ ಅಂದರೆ ಹೊಲಸನ್ನೂ ಬಿಡುತ್ತದೆ, ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲ ಮತ್ತು ಅಮೋನಿಯಾ. ಇವು ಹೆಚ್ಚಾದರೆ ಬೆಳವಣಿಗೆ ನಿಲ್ಲುತ್ತದೆ. ಹಳೇ ದ್ರಾವಣ ಚೆಲ್ಲಿ ಹೊಸದು ಹಾಕುವುದು ಸುಲಭ, ಆದರೆ ದುಬಾರಿ. ಚೆಲ್ಲುವ ದ್ರಾವಣದಲ್ಲಿ ಇನ್ನೂ ಉಣ್ಣದ ಊಟವೂ ಇರುತ್ತದೆ. ದಾವಣಗೆರೆ ಆಸ್ಪತ್ರೆಗಳ ಊರು. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಪ್ರತಿ ಬಡಾವಣೆಯಲ್ಲೂ ಒಬ್ಬರಿಬ್ಬರು ಸಿಗುತ್ತಾರೆ. ಆ ಯಂತ್ರದ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕೊಳವೆ ಇರುತ್ತದೆ, ನೋಡಿದ್ದೀರಾ? ಅದರೊಳಗೆ ಕೂದಲಿನಷ್ಟು ಸಣ್ಣ, ಒಳಗೆ ಟೊಳ್ಳಾದ ಸಾವಿರಾರು ನಾಳಗಳು ತುಂಬಿರುತ್ತವೆ. ರಕ್ತ ನಾಳದ ಒಳಗೆ ಹರಿಯುತ್ತದೆ, ಕೊಳೆ ಗೋಡೆಯ ಸಣ್ಣ ತೂತುಗಳಿಂದ ಹೊರಗೆ ಸೋರುತ್ತದೆ. ಇದೇ ರಚನೆಯನ್ನು ಮಾಂಸ ಬೆಳೆಸಲೂ ಬಳಸುತ್ತಿದ್ದಾರೆ. ನಾಳದ ಗೋಡೆಯ ಮೇಲೆ ಕೋಶಗಳು ಕೂತು ಬೆಳೆಯುತ್ತವೆ, ಒಳಗೆ ಹರಿಯುವ ದ್ರಾವಣ ಊಟ ಕೊಟ್ಟು ಹೊಲಸನ್ನು ಒಯ್ಯುತ್ತದೆ. ಚಿಕ್ಕ ಜಾಗದಲ್ಲಿ ತುಂಬಾ ಕೋಶ ಹಿಡಿಸುತ್ತವೆ, ಕಲಕುವ ಪೆಟ್ಟೂ ಇಲ್ಲ. ನನಗೆ ಇದು ತುಂಬಾ ಹಿಡಿಸಿದ ವಿಚಾರ. ಜಪಾನಿನಲ್ಲಿ ಇನ್ನೊಂದು ದಾರಿ ಹುಡುಕಿದ್ದಾರೆ. ಕೋಶ ಬಿಟ್ಟ ಅಮೋನಿಯಾವನ್ನು ಪಾಚಿಗೆ ಉಣ್ಣಿಸಿ, ಆ ಪಾಚಿಯಿಂದಲೇ ಮತ್ತೆ ಕೋಶಗಳಿಗೆ ಊಟ ತೆಗೆಯುವುದು.

ಐದನೆಯದೇ ದೊಡ್ಡದು, ಹೊಟ್ಟೆಯ ಕೆಲಸ.

ಕುರಿ ಒಣಹುಲ್ಲು, ಜಾಲಿಕಾಯಿ, ಶೇಂಗಾ ಹೊಟ್ಟು ತಿನ್ನುತ್ತದೆ. ಅದರ ಹೊಟ್ಟೆಯಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ಕರಗಿಸಿ ಪ್ರೋಟೀನ್ ಮಾಡಿಕೊಡುತ್ತವೆ. ಹಾಗೆ ಮಾಡುವಾಗಲೇ ಮೀಥೇನ್ ಅನಿಲ ಹುಟ್ಟಿ ಕುರಿಯ ತೇಗಿನಲ್ಲಿ ಹೊರಬರುತ್ತದೆ. ದನ, ಎಮ್ಮೆ, ಆಡುಗಳದ್ದೂ ಇದೇ ಕಥೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಲೆಕ್ಕ ಹಾಕಿದಾಗ, ಮನುಷ್ಯರಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಶೇ 14.5ರಷ್ಟು ಜಾನುವಾರು ಸಾಕಣೆಯದ್ದು ಅಂತ ಬಂದಿತ್ತು. ಬೆಳೆಸಿದ ಮಾಂಸದ ಪರವಾಗಿ ಮೊದಲು ಬರುವ ವಾದ ಇದೇ: ಟ್ಯಾಂಕು ತೇಗುವುದಿಲ್ಲ.

ತೇಗುವುದಿಲ್ಲ ನಿಜ. ಆದರೆ ಅದು ಹುಲ್ಲನ್ನೂ ತಿನ್ನುವುದಿಲ್ಲ. ಅದಕ್ಕೆ ಅರಗಿಸಿಟ್ಟ ಊಟವೇ ಬೇಕು. ಗ್ಲೂಕೋಸು ಕಷ್ಟದ್ದಲ್ಲ. ಮೆಕ್ಕೆಜೋಳದ ಪಿಷ್ಟದಿಂದ ಗ್ಲೂಕೋಸ್ ತೆಗೆಯುವುದು ಹಳೇ ವಿದ್ಯೆ, ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. ಕಷ್ಟ ಇರುವುದು ಅಮೈನೋ ಆಮ್ಲಗಳಲ್ಲಿ. ಒಂದೊಂದನ್ನೂ ಬೇರೆ ಬೇರೆ ತಯಾರಿಸಿ, ಶುದ್ಧ ಮಾಡಿ, ಒಣಗಿಸಿ ಪುಡಿ ಮಾಡಬೇಕು. ಪ್ರತಿ ಹಂತಕ್ಕೂ ಶಾಖ ಬೇಕು. ಇವುಗಳ ಮೇಲೆ, ಬೆಳೆಯಿರಿ ಅಂತ ಕೋಶಗಳಿಗೆ ಸೂಚನೆ ಕೊಡುವ ಕೆಲವು ಪ್ರೋಟೀನುಗಳು ಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಚಿಟಿಕೆಯಷ್ಟೇ ಸಾಕು. ಮೊದಲೆಲ್ಲ ಇವಕ್ಕಾಗಿ ಕರುವಿನ ಸೀರಂ ಬಳಸುತ್ತಿದ್ದರು. ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯಲ್ಲಿದ್ದ ಕರುವಿನ ರಕ್ತದಿಂದ ತೆಗೆದದ್ದು. ಪ್ರಾಣಿ ಉಳಿಸಲು ಹೊರಟವರಿಗೆ ಇದು ಯಾವ ರೀತಿಯಲ್ಲೂ ಒಪ್ಪುವ ಮಾತಲ್ಲ. ಈಗ ಇಂಥ ಪ್ರೋಟೀನುಗಳನ್ನು ಸೂಕ್ಷ್ಮಜೀವಿಗಳಿಂದ ಮಾಡಿಸುತ್ತಾರೆ. ಬೆಂಗಳೂರಿನ ಬಯೋಕಾನ್ ಯೀಸ್ಟಿನಿಂದ ಇನ್ಸುಲಿನ್ ಮಾಡುತ್ತದಲ್ಲ, ಅದೇ ಬಗೆ.

ಊಟ ಎಷ್ಟು ಶುದ್ಧವಾಗಿರಬೇಕು ಅನ್ನುವುದರ ಮೇಲೆ ಇಂಗಾಲದ ಲೆಕ್ಕ ನಿಂತಿದೆ. ಆಸ್ಪತ್ರೆಯ ಸಲೈನ್ ಬಾಟಲಿಗೂ ಅಡುಗೆ ಮನೆಯ ಉಪ್ಪು ನೀರಿಗೂ ಇರುವ ವ್ಯತ್ಯಾಸ ಇದು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2023ರಲ್ಲಿ ಹೊರತಂದ ಲೆಕ್ಕವೊಂದು ದೊಡ್ಡ ಗದ್ದಲ ಎಬ್ಬಿಸಿತು. ಔಷಧ ದರ್ಜೆಯ ಶುದ್ಧತೆಯ ಮೀಡಿಯಂ ಬಳಸಿದರೆ ಬೆಳೆಸಿದ ಮಾಂಸದಿಂದ ಆಗುವ ಬಿಸಿ, ಮಾಮೂಲಿ ದನದ ಮಾಂಸಕ್ಕಿಂತ 4ರಿಂದ 25 ಪಟ್ಟು ಜಾಸ್ತಿ ಅಂತ ಅವರು ಹೇಳಿದರು. ಹಾಗಂತ ಕೈಬಿಡಬೇಕು ಅಂತಲ್ಲ. ಸಲೈನ್ ದರ್ಜೆ ಬಿಟ್ಟು ಊಟದ ದರ್ಜೆಗೆ ಇಳಿಯಬೇಕು ಅನ್ನುವುದು ಅದರ ತಿರುಳು. ಕೋಶಗಳು ಅದನ್ನು ಸಹಿಸುತ್ತವೆಯೇ ಅನ್ನುವುದೇ ಈಗ ಎಲ್ಲರ ಹುಡುಕಾಟ.

ಚಳ್ಳಕೆರೆಗೆ ಎಣ್ಣೆ ಊರು ಅಂತಲೇ ಹೆಸರು. ಶೇಂಗಾ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಅರ್ಧದ ಹತ್ತಿರ ಪ್ರೋಟೀನೇ ಇರುತ್ತದೆ. ದನಕ್ಕೆ ಹಾಕುತ್ತೇವೆ, ಹೊಲಕ್ಕೆ ಗೊಬ್ಬರ ಮಾಡುತ್ತೇವೆ. ಆ ಪ್ರೋಟೀನನ್ನು ಕಿಣ್ವಗಳಿಂದ ಕತ್ತರಿಸಿದರೆ ಅಮೈನೋ ಆಮ್ಲಗಳ ಒಂದು ಮಿಶ್ರಣ ಒಟ್ಟಿಗೇ ಸಿಗುತ್ತದೆ. ಒಂದೊಂದನ್ನೇ ಮಾಡಿ ಒಣಗಿಸುವ ಖರ್ಚು ತಪ್ಪುತ್ತದೆ. ಇದು ಬರೀ ಊಹೆಯಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಸಾಸಿವೆ ಜಾತಿಯ ಎಣ್ಣೆಕಾಳಿನ ಹಿಂಡಿಯಿಂದ ತೆಗೆದ ಪ್ರೋಟೀನನ್ನು, ಮೀಡಿಯಂನಲ್ಲಿ ತುಂಬಾ ದುಬಾರಿಯಾದ ಆಲ್ಬುಮಿನ್ ಅನ್ನುವ ಪ್ರೋಟೀನಿನ ಬದಲಿಗೆ ಹಾಕಿ ದನದ ಕೋಶ ಬೆಳೆಸಿ ತೋರಿಸಿದ್ದಾರೆ. ಶೇಂಗಾ ಹಿಂಡಿಗೆ ಒಂದು ಗಂಡಾಂತರವಿದೆ. ಸರಿಯಾಗಿ ಒಣಗಿಸದಿದ್ದರೆ ಬೂಸ್ಟು ಹಿಡಿದು ಅಫ್ಲಾಟಾಕ್ಸಿನ್ ಅನ್ನುವ ವಿಷ ಸೇರಿಕೊಳ್ಳುತ್ತದೆ. ಶೇಂಗಾದ ಅಲರ್ಜಿ ಇರುವವರೂ ಇದ್ದಾರೆ. ಹಾಗಾಗಿ ಹಿಂಡಿ ನೇರ ಟ್ಯಾಂಕಿಗೆ ಹೋಗುವ ಮಾತಲ್ಲ. ಆದರೂ, ನಮ್ಮ ಗಾಣದ ಮೂಲೆಯಲ್ಲಿ ಬಿದ್ದಿರುವ ಸರಕು ಜಗತ್ತಿನ ಇಷ್ಟು ದೊಡ್ಡ ಪ್ರಶ್ನೆಗೆ ಒಂದು ತುಂಡು ಉತ್ತರ ಆಗಬಹುದು ಅನ್ನುವುದು ನನಗೆ ನಿದ್ದೆ ಕೆಡಿಸಿದ ವಿಷಯ.

ಈಗ ಕರೆಂಟಿಗೆ ಬರೋಣ. ಕಿಲೋ ಮಾಂಸಕ್ಕೆ 20 ಯೂನಿಟ್ ಬೇಕು ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಮ್ಮ ದೇಶದ ಗ್ರಿಡ್ಡಿನಲ್ಲಿ ಕಲ್ಲಿದ್ದಲು ಜಾಸ್ತಿ, ಹಾಗಾಗಿ ಯೂನಿಟ್ಟಿಗೆ ಸರಾಸರಿ 0.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. 20 ಯೂನಿಟ್ಟಿಗೆ 14 ಕೆಜಿ. ಅದೇ ಕರೆಂಟು ಗಾಳಿಯಿಂದ ಬಂದರೆ, ಯಂತ್ರ ಮಾಡಿ ನಿಲ್ಲಿಸಿದ ಖರ್ಚು ಸೇರಿಸಿದರೂ ಯೂನಿಟ್ಟಿಗೆ ಸುಮಾರು 11 ಗ್ರಾಂ. 20 ಯೂನಿಟ್ಟಿಗೆ 220 ಗ್ರಾಂ. ಸೋಲಾರಿನಲ್ಲಿ ಕಿಲೋ ಹತ್ತಿರ. ಟ್ಯಾಂಕು ಅದೇ, ಕೋಶ ಅದೇ, ಮಾಂಸ ಅದೇ. ಪ್ಲಗ್ ಎಲ್ಲಿಗೆ ಚುಚ್ಚಿದೆ ಅನ್ನುವುದಷ್ಟೇ ಬೇರೆ.

ನೆದರ್ಲೆಂಡ್ಸಿನ ಸಿಇ ಡೆಲ್ಫ್ಟ್ ಸಂಸ್ಥೆಯವರು ಕಂಪನಿಗಳಿಂದಲೇ ಮಾಹಿತಿ ಪಡೆದು ಮಾಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದೂ ಇದನ್ನೇ ಹೇಳುತ್ತದೆ. ಗಾಳಿ, ಬಿಸಿಲಿನ ಕರೆಂಟ್ ಬಳಸಿದರೆ ಬೆಳೆಸಿದ ಮಾಂಸ ದನದ ಮಾಂಸಕ್ಕಿಂತ ಎಷ್ಟೋ ಮೇಲು, ಕೋಳಿಯ ಆಸುಪಾಸಿಗೆ ಬರುತ್ತದೆ. ಮಾಮೂಲಿ ಕರೆಂಟ್ ಆದರೆ ಕೋಳಿಗೂ ಹಂದಿಗೂ ಸೋಲುತ್ತದೆ. ಕೋಳಿಯನ್ನು ಸೋಲಿಸುವುದು ಯಾಕೆ ಕಷ್ಟ ಅಂದರೆ, ಫಾರಂ ಕೋಳಿ ಆರು ವಾರಕ್ಕೆ ತಯಾರು, ಒಂದು ಕೆಜಿ ತೂಕಕ್ಕೆ ಅದು ತಿನ್ನುವ ಆಹಾರ ಎರಡು ಕೆಜಿಯೂ ಆಗುವುದಿಲ್ಲ.

ಹೆದ್ದಾರಿಯಲ್ಲಿ ಚಿತ್ರದುರ್ಗ ದಾಟುವಾಗ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೀವೂ ನೋಡಿರುತ್ತೀರಿ. ನಮ್ಮ ಮಕ್ಕಳು ಅವಕ್ಕೆ ಫ್ಯಾನು ಅನ್ನುತ್ತಾರೆ. ಆಚೆ ಪಾವಗಡದಲ್ಲಿ 2050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಹಾಗಾದರೆ ಈ ಕಾರ್ಖಾನೆಗೆ ನಮ್ಮ ಸೀಮೆಗಿಂತ ಒಳ್ಳೆ ಜಾಗ ಎಲ್ಲಿದೆ ಅಂತ ನಾನು ಉತ್ಸಾಹದಿಂದ ಕೇಳಿದೆ. ಅವಳು ಒಂದೇ ಮಾತು ಹೇಳಿದಳು: “ಕೋಶಕ್ಕೆ ರಾತ್ರಿ ಅಂತಿಲ್ಲ ಮಾಮಾ.”

ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಕೊಡುತ್ತಾರೆ. ರೈತ ಕಾದು ನೀರು ಹಾಯಿಸುತ್ತಾನೆ, ಬೆಳೆ ತಡೆದುಕೊಳ್ಳುತ್ತದೆ. ಟ್ಯಾಂಕಿನ ಕೋಶಗಳು ಹಾಗೆ ಕಾಯುವುದಿಲ್ಲ. ಆಮ್ಲಜನಕ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಬೆಳೆ ಹೋಯಿತು. ಬಿಸಿಲು ಸಂಜೆಗೆ ಮುಗಿಯುತ್ತದೆ. ನಮ್ಮ ಗುಡ್ಡಗಳಲ್ಲಿ ಗಾಳಿ ಜೋರಾಗುವುದು ಮುಂಗಾರಿನ ತಿಂಗಳುಗಳಲ್ಲಿ, ಆಮೇಲೆ ಇಳಿಯುತ್ತದೆ. ಬ್ಯಾಟರಿ ದುಬಾರಿ. ಅದಕ್ಕೆ ಸಂಶೋಧಕರು ಕೆಲಸಗಳನ್ನು ಎರಡು ಭಾಗ ಮಾಡುತ್ತಾರೆ, ಕಾಯಬಲ್ಲವು ಮತ್ತು ಕಾಯಲಾರದವು. ಗಾಳಿ ಊದುವುದು, ಕಲಕುವುದು ಕಾಯಲಾರವು, ಆದರೆ ಅವಕ್ಕೆ ಬೇಕಾಗುವ ಕರೆಂಟ್ ಅಷ್ಟೇನೂ ದೊಡ್ಡದಲ್ಲ. ತಣಿಸುವುದು ದೊಡ್ಡದು, ಆದರೆ ಅದನ್ನು ಮುಂಚೆಯೇ ಮಾಡಿಟ್ಟುಕೊಳ್ಳಬಹುದು. ಹಗಲು ಬಿಸಿಲಿದ್ದಾಗ ತೊಟ್ಟಿ ತುಂಬಾ ನೀರನ್ನು ತಣ್ಣಗೆ ಮಾಡಿಟ್ಟು, ರಾತ್ರಿಯಿಡೀ ಅದನ್ನೇ ಟ್ಯಾಂಕಿನ ಸುತ್ತ ಹರಿಸಬಹುದು. ದ್ರಾವಣ ಕಲಸುವುದು, ಹಬೆಯಲ್ಲಿ ಬೇಯಿಸುವುದನ್ನೂ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಹುದು. ಕರೆಂಟ್ ಇದ್ದಾಗಲೇ ರುಬ್ಬಿಕೊಳ್ಳುವ ನಮ್ಮ ಮನೆಗಳ ಹೆಂಗಸರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಇನ್ನೊಂದು ಸೂಕ್ಷ್ಮವನ್ನು ಹೇಳಲೇಬೇಕು. ಕುರಿಯ ಮೀಥೇನನ್ನೂ ಟ್ಯಾಂಕಿನ ಇಂಗಾಲವನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ? ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 27ರಿಂದ 30 ಪಟ್ಟು ಜೋರು. ಆದರೆ ಅದು ಗಾಳಿಯಲ್ಲಿ ಸುಮಾರು 12 ವರ್ಷಕ್ಕೆ ಕರಗಿಹೋಗುತ್ತದೆ. ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಸಾವಿರಾರು ವರ್ಷ ಉಳಿಯುತ್ತದೆ. ಕೆರೆಯ ಹೋಲಿಕೆ ಕೊಟ್ಟು ಕ್ಲಾಸಿನಲ್ಲಿ ಇದನ್ನು ಹೇಳಬಹುದು ಅನ್ನಿಸಿತು. ಮೀಥೇನು ಕೆರೆಯ ನೀರು ಇದ್ದ ಹಾಗೆ. ಬರುತ್ತದೆ, ತುಂಬುತ್ತದೆ, ಬೇಸಿಗೆಗೆ ಇಂಗುತ್ತದೆ. ಇಂಗಾಲದ ಡೈಆಕ್ಸೈಡು ಹೂಳು. ಈ ವರ್ಷ ಬಂದದ್ದು ಹೋದ ವರ್ಷದ್ದರ ಮೇಲೆ ಕೂರುತ್ತದೆ, ಅಲ್ಲೇ ಇರುತ್ತದೆ. ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು 2019ರಲ್ಲಿ ಸಾವಿರ ವರ್ಷದವರೆಗಿನ ಲೆಕ್ಕ ಹಾಕಿ ಇದನ್ನೇ ಎಚ್ಚರಿಸಿದರು. ಕಲ್ಲಿದ್ದಲ ಕರೆಂಟಿನಲ್ಲೇ ಮಾಂಸ ಬೆಳೆಸುತ್ತಾ ಹೋದರೆ ಮೊದಲು ಲಾಭ ಕಂಡರೂ, ಹೂಳು ತುಂಬಿ ಮುಂದೊಂದು ದಿನ ದನ ಸಾಕಿದ್ದಕ್ಕಿಂತ ಹೆಚ್ಚು ಬಿಸಿಯಾಗಬಹುದು ಅಂತ.

ಮೊದಲಿನ ಲೆಕ್ಕಗಳು ಇಷ್ಟು ಕಠಿಣ ಇರಲಿಲ್ಲ. 2011ರಲ್ಲಿ ಬಂದ ಮೊತ್ತಮೊದಲ ಅಧ್ಯಯನದಲ್ಲಿ ಯುರೋಪಿನ ಮಾಂಸಕ್ಕಿಂತ ಶೇ 78ರಿಂದ 96ರಷ್ಟು ಅನಿಲ ಕಡಿಮೆ ಅಂತ ಇತ್ತು. ಕೋಶಗಳಿಗೆ ಊಟ ನೀಲಿ-ಹಸಿರು ಪಾಚಿಯಿಂದ ಸಿಗುತ್ತದೆ ಅಂತ ಅವರು ಹಿಡಿದಿದ್ದರು. 2023ರ ಡೇವಿಸ್‌ನವರು ಸಲೈನ್ ದರ್ಜೆಯ ಊಟ ಹಿಡಿದರು. ಎರಡೂ ಸುಳ್ಳಲ್ಲ. ಯಾವುದನ್ನು ಒಳಗೆ ಸೇರಿಸಿದೆವು, ಯಾವುದನ್ನು ಬಿಟ್ಟೆವು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಚಳ್ಳಕೆರೆಯ ಹಿಂಡಿಯನ್ನೇ ತೆಗೆದುಕೊಳ್ಳಿ. ಶೇಂಗಾ ಬೆಳೆಯಲು ಹಾಕಿದ ಗೊಬ್ಬರ, ಡೀಸೆಲ್ಲಿನ ಇಂಗಾಲದಲ್ಲಿ ಎಣ್ಣೆಯ ಪಾಲೆಷ್ಟು, ಹಿಂಡಿಯ ಪಾಲೆಷ್ಟು? ತೂಕದಲ್ಲಿ ಹಂಚಿದರೆ ಹಿಂಡಿಗೆ ದೊಡ್ಡ ಪಾಲು ಬೀಳುತ್ತದೆ, ರೇಟಿನಲ್ಲಿ ಹಂಚಿದರೆ ಎಣ್ಣೆಗೆ. ಎರಡೂ ಒಪ್ಪಿತ ಪದ್ಧತಿಗಳೇ. ಹಾಗಾಗಿ ಯಾರಾದರೂ ಒಂದೇ ಅಂಕಿ ಹಿಡಿದು ಬೆಳೆಸಿದ ಮಾಂಸ ಒಳ್ಳೆಯದು, ಕೆಟ್ಟದ್ದು ಅಂದರೆ, ಹಂಚಿದ್ದು ಹೇಗೆ ಅಂತ ಕೇಳಿ.

ಹೊರಡುವ ಹಿಂದಿನ ಸಂಜೆ ಅವಳು ನೋಟ್‌ಬುಕ್ ಹಿಡಿದು ಅಪ್ಪನ ಪಕ್ಕ ಕೂತಳು. ವಿದೇಶದ ಅಧ್ಯಯನಗಳೆಲ್ಲ ಅಲ್ಲಿನ ದೊಡ್ಡ ಫಾರಂಗಳ ದನಕ್ಕೆ ಹೋಲಿಸುತ್ತವೆ, ಹುಲ್ಲುಗಾವಲಿನಲ್ಲಿ ಮೇಯುವ ನಮ್ಮ ಕುರಿಗೆ ಹೋಲಿಸಿದರೆ ಹೇಗಿರುತ್ತದೆ ಅಂತ ನೋಡುವ ಆಸೆ ಅವಳಿಗೆ.

“ಅಜ್ಜಾ, ಒಂದು ಕುರಿ ದಿನಕ್ಕೆ ಎಷ್ಟು ನೀರು ಕುಡೀತದೆ?”

“ಮಳೆಗಾಲದಾಗ ಮೂಸಿ ಸಹ ನೋಡಲ್ಲ. ಈಗಾದ್ರೆ ಅರ್ಧ ಕೊಡ ಬೇಕು.”

“ಹಿಂಡಿ ಹಾಕ್ತೀಯಾ?”

“ಮರಿ ಹಾಕಿದ್ದಕ್ಕೆ ಅಷ್ಟೇ.”

ಹೀಗೇ ನಡೆಯಿತು. ಎಷ್ಟು ತಿಂಗಳಿಗೆ ಮಾರುತ್ತೀಯ, ಎಷ್ಟು ತೂಕ ಬರುತ್ತದೆ, ಉಣ್ಣೆ ಯಾರು ಒಯ್ಯುತ್ತಾರೆ. ಅಪ್ಪ ಕೊಡ, ಸೇರು, ಮೊಳದಲ್ಲಿ ಹೇಳುತ್ತಿದ್ದ. ಅವಳು ಲೀಟರು, ಕಿಲೋ ಮಾಡಿ ಬರೆದುಕೊಳ್ಳುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಹೊಲದವರು ಕರೆದು ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ, ಗೊಬ್ಬರಕ್ಕೆ ಅಂತಲೇ ದುಡ್ಡು, ಕಾಳು ಕೊಡುತ್ತಾರೆ ಅಂತ ಅಪ್ಪ ಹೇಳಿದಾಗ ಪೆನ್ನು ನಿಂತಿತು. ಹಾಗಾದರೆ ಕುರಿಯ ಇಂಗಾಲದಲ್ಲಿ ಒಂದು ಪಾಲು ಮಾಂಸಕ್ಕಲ್ಲ, ಆ ಹೊಲದ ಜೋಳಕ್ಕೆ ಹೋಗಬೇಕು ಅಂದಳು.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: “ನಿಮ್ಮ ಟ್ಯಾಂಕಿನ್ಯಾಗೆ ಗೊಬ್ಬರ ಬರ್ತದೇನು?”

ಅವಳು ತಕ್ಷಣ ಉತ್ತರಿಸಲಿಲ್ಲ. ಟ್ಯಾಂಕಿನಿಂದ ಹೊರಬರುವ ಹಳೇ ದ್ರಾವಣದಲ್ಲಿ ಅಮೋನಿಯಾ ಇರುತ್ತದೆ. ಅಮೋನಿಯಾದಲ್ಲಿ ಇರುವುದು ಸಾರಜನಕ, ಯೂರಿಯಾ ಚೀಲದಲ್ಲಿ ನಾವು ದುಡ್ಡು ಕೊಟ್ಟು ತರುವುದೂ ಅದನ್ನೇ. ಆದರೆ ಆ ನೀರಿನಲ್ಲಿ ಉಪ್ಪೂ ಇರುತ್ತದೆ, ಹೊಲಕ್ಕೆ ಬಿಟ್ಟರೆ ಮಣ್ಣು ಚೌಳಾದೀತು. ಉಪ್ಪು ಬೇರೆ ಮಾಡಲು ಮತ್ತೆ ಕರೆಂಟ್ ಬೇಕು.

“ನನ್ನ ಲೆಕ್ಕದಾಗೆ ಅದನ್ನ ಚರಂಡಿಗೆ ಬಿಟ್ಟಿದ್ದೆ ಅಜ್ಜಾ” ಅಂದಳು. ಹಾಳೆಯ ಅಂಚಿನಲ್ಲಿ ಒಂದು ಹೊಸ ಗೆರೆ ಎಳೆದು, ಗೊಬ್ಬರ ಅಂತ ಕನ್ನಡದಲ್ಲೇ ಬರೆದುಕೊಂಡಳು.